ಧ್ವನಿ ಸೊನ್ನೆಯ ಮನೆಗಳು

ನೂಲಹಟ್ಟಿಯಲ್ಲಿ ಟಿವಿಗೆ ಬಾಯಿ ಇರಲಿಲ್ಲ.

ಯಾರೂ ಕಿತ್ತುಕೊಂಡದ್ದಲ್ಲ; ಮಗ್ಗದ ಎದುರು ಕೂಗಿ ಕೂಗಿ ಸೋತು ಅದೇ ಸುಮ್ಮನಾಗಿತ್ತು. ಪಡಸಾಲೆಯಲ್ಲಿ ಜೋಡಿ ವಿದ್ಯುತ್ ಮಗ್ಗ ಹೂಡಿಕೊಂಡು, ಉಳಿದ ಮೂಲೆಯಲ್ಲಿ ಒಲೆ, ಹಾಸಿಗೆ, ದೇವರನ್ನು ಇಟ್ಟುಕೊಂಡ ಊರದು. ಬೆಳಕು ಹರಿದು ಲಾಳಿ ಓಡಾಡತೊಡಗಿತೆಂದರೆ ತೊಟ್ಟಿಲಲ್ಲಿ ಅಳುವ ಕೂಸಿನ ದನಿ ಹೆತ್ತವಳಿಗೆ ಕೇಳದು. ಇನ್ನು ಟಿವಿಯ ಮಾತು ಯಾವ ಲೆಕ್ಕ? ಧ್ವನಿಯನ್ನು ಸೊನ್ನೆಗೆ ಇಳಿಸಿದವರು ಯಾರು, ಯಾವಾಗ ಇಳಿಸಿದರು ಎಂಬುದು ಮನೆಯವರಿಗೇ ಮರೆತುಹೋಗಿತ್ತು. ಊರು ಸುದ್ದಿಯನ್ನು ಕೇಳುತ್ತಿರಲಿಲ್ಲ, ಓದುತ್ತಿತ್ತು. ಪರದೆಯ ಬುಡದಲ್ಲಿ ಹರಿಯುವ ಪಟ್ಟಿಯೇ ಅವರ ಪತ್ರಿಕೆ, ಅದೇ ಅವರ ಡಂಗುರ.

ಆ ಪಟ್ಟಿಗಾಗಿಯೇ ಊರಿಗೆ ಊರೇ ‘ಮುಂಗೋಳಿ’ ವಾಹಿನಿಯನ್ನು ಹಚ್ಚಿಕೊಂಡಿತ್ತು. ಮೂಲೆಯಲ್ಲಿ ಕೆಂಪು ಜುಟ್ಟಿನ ಒಂದು ಹುಂಜ, ಕೊರಳು ಚಾಚಿ ನಿಂತದ್ದು. ಬುಡದಲ್ಲಿ ದಪ್ಪಕ್ಷರದ ಪಟ್ಟಿ. ಪ್ರತಿ ಸುದ್ದಿಯ ಬಾಲಕ್ಕೂ ಒಂದು ಮಾತು. ವರದಿಗಾರ ಕಣ್ಣಾರೆ ಕಂಡು ಖಾತ್ರಿ ಮಾಡಿಕೊಂಡಿದ್ದರೆ ಕುಂಕುಮದ ಬಣ್ಣದಲ್ಲಿ ‘ಖರೆ’. ಬರೀ ಕಿವಿಗೆ ಬಿದ್ದದ್ದಾದರೆ ಅರಿಶಿನ ಬಣ್ಣದಲ್ಲಿ ‘ಅಂತ’. ‘ಮಂತ್ರಿ ರಾಜೀನಾಮೆ ಕೊಟ್ಟಾನ, ಅಂತ.’ ‘ಸೇತುವೆ ಬಿದ್ದೈತಿ, ಖರೆ.’ ಬೇರೆ ವಾಹಿನಿಗಳು ಪ್ರಶ್ನೆಗುರುತಿನ ಹಿಂದೆ ಅಡಗಿ ಸುಳ್ಳು ಹೇಳುತ್ತಿದ್ದ ಕಾಲದಲ್ಲಿ ಈ ಹುಂಜ ಮಾತ್ರ ತಾನು ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಬೇರೆ ಬುಟ್ಟಿಯಲ್ಲಿ ಇಡುತ್ತಿತ್ತು. ಊರಿನ ಕೈಸನ್ನೆಯಲ್ಲೂ ಆ ಎರಡು ಮಾತು ಸೇರಿದ್ದವು. ಮಗ್ಗದ ಸದ್ದಿನಲ್ಲಿ ಬಾಯಿಂದ ಮಾತಾಡಲಾಗದಲ್ಲ. ಎದುರು ಮನೆಯ ಕಿಟಕಿಗೆ ಎದೆ ಮುಟ್ಟಿ ತೋರಿಸಿದರೆ ಖರೆ, ಕಿವಿಯ ಬಳಿ ಬೆರಳು ತಿರುವಿದರೆ ಅಂತ.

ಮೇಲಪೇಟೆಯ ಕಾಶವ್ವ ಇಂಥ ಸನ್ನೆಯಲ್ಲಿ ಪಳಗಿದವಳು. ಗಂಡ ಈರಸಂಗಪ್ಪ ಒಂದು ಮಗ್ಗ, ತಾನೊಂದು ಮಗ್ಗ. ಕಣ್ಣೊಂದು ಲಾಳಿಯ ಮೇಲೆ, ಇನ್ನೊಂದು ಪಟ್ಟಿಯ ಮೇಲೆ. ಊರಲ್ಲಿ ‘ಮುಂಗೋಳಿ ನೋಡುಗರ ಬಳಗ’ ಕಟ್ಟಿದವಳೂ ಅವಳೇ. ಕಾಗುಣಿತ ತಪ್ಪಿದರೆ ಫೋನು ಹಚ್ಚಿ ವಾಹಿನಿಯವರಿಗೆ ಜಾಡಿಸುತ್ತಿದ್ದಳು. ಅವರು ನಗುತ್ತಿದ್ದರು, ತಿದ್ದುತ್ತಿದ್ದರು.

ಒಂದು ಬೆಳಿಗ್ಗೆ ನೋಡಿದರೆ ಹುಂಜ ಇರಲಿಲ್ಲ. ಅದರ ಜಾಗದಲ್ಲಿ ಬೂದು ಬಣ್ಣದ ಒಂದು ಕೊಂಕು ಗೆರೆ. ಪಟ್ಟಿ ನೀಲಿಯಾಗಿತ್ತು, ಅಕ್ಷರಗಳು ಕಡ್ಡಿಯಾಗಿದ್ದವು, ಓಟ ಎಷ್ಟೆಂದರೆ ಲಾಳಿ ಒಮ್ಮೆ ಅತ್ತ ಹೋಗಿ ಇತ್ತ ಬರುವಷ್ಟರಲ್ಲಿ ಸುದ್ದಿ ಗೋಡೆಯಾಚೆ ಹೋಗಿರುತ್ತಿತ್ತು. ಸಂಜೆ ಮಗ್ಗ ನಿಂತ ಮೇಲೆ ಕಾಶವ್ವನ ಕಟ್ಟೆಯ ಮೇಲೆ ಬಳಗ ಸೇರಿತು.

“ಇದು ಹುಂಜ ಏನ್ರಿ?” ಎಂದ ಎದುರು ಮನೆಯ ಮುರಿಗೆಪ್ಪ. “ಯಾರೋ ಅರ್ಧಾ ತಿಂದು ಬಿಟ್ಟ ಹಪ್ಪಳ ಇದು.”

“ಅಕ್ಷರಕ್ಕ ಟೈಫಾಯ್ಡ್ ಬಂದೈತಿ. ನೋಡು, ಎಲುಬ ಎಣಸಬಹುದು,” ಎಂದಳು ಕಾಶವ್ವ.

“ಖರೆ ಎಲ್ಲೈತಿ, ಅಂತ ಎಲ್ಲೈತಿ? ಎರಡೂ ಬೆಳ್ಳಗ! ಸುಣ್ಣಾನೂ ಬೆಳ್ಳಗ, ಹಾಲೂ ಬೆಳ್ಳಗ. ಯಾವುದು ಕುಡೀಬೇಕೋ ಮಾರಾಯ?” ಎಂದು ಬಳಗದ ಇನ್ನೊಬ್ಬ ದನಿಗೂಡಿಸಿದ.

ಸಿಟ್ಟು ನೂಲಹಟ್ಟಿಯದಷ್ಟೇ ಆಗಿರಲಿಲ್ಲ. ಸೀಮೆಯ ತುಂಬ ನೋಡುಗರು ಬೈದರು. ಒಬ್ಬರಿಗೆ ನೀಲಿ ಬೇಡ, ಇನ್ನೊಬ್ಬರಿಗೆ ಬೂದು ಬೇಡ; ಮುದುಕರಿಗೆ ಓಟ ಹೆಚ್ಚಾಯಿತು, ಹುಡುಗರಿಗೆ ಕಡಿಮೆಯಾಯಿತು. ವಾಹಿನಿ ಬೆದರಿತು, ಅಥವಾ ಬೆದರಿದಂತೆ ನಟಿಸಿತು. ‘ನಿಮ್ಮ ಅಭಿಪ್ರಾಯ ನಮಗೆ ಬೇಕು’ ಎಂದು ಊರಿಗಿಬ್ಬರಂತೆ ಹುಬ್ಬಳ್ಳಿಗೆ ಕರೆಸಿತು. ನೂಲಹಟ್ಟಿಯಿಂದ ಕಾಶವ್ವ ಹೋದಳು, ಕೆಳಪೇಟೆಯ ಹಸೀನಾ ಹೋದಳು.

ಹಸೀನಾ ಬೇರೆಯವಳಲ್ಲ. ಹಳ್ಳದಾಚೆ, ಮೂರು ಮೈಲಿ ದೂರದ ಕೆಳಪೇಟೆಯಲ್ಲಿ ಮಗ್ಗ ನಡೆಸುವವಳು. ಮದುವೆಯಾಗಿ ಬಂದ ಮೇಲೆ ಅಕ್ಷರ ಕಲಿತವಳು, ಕಲಿಸಿದವಳು ಕಾಶವ್ವ. ನೂಲು ಸಾಹುಕಾರರ ಅಂಗಡಿಯ ಮುಂದೆ ಇಬ್ಬರೂ ಒಂದೇ ಕೊರಳಲ್ಲಿ ಜಗಳ ತೆಗೆಯುತ್ತಿದ್ದರು. ಬಸ್ಸಿನಲ್ಲಿ ಇಬ್ಬರೂ ಒಂದೇ ಡಬ್ಬಿಯ ರೊಟ್ಟಿ ತಿಂದು ಹುಬ್ಬಳ್ಳಿಯಲ್ಲಿ ಇಳಿದರು.

ಸ್ಟುಡಿಯೋದಲ್ಲಿ ತಂಪು ಗಾಳಿ, ಮೆತ್ತನೆ ಕುರ್ಚಿ, ಎಲ್ಲರಿಗೂ ಚಹಾ. ಪರದೆಯ ಅಕ್ಷರ, ಬಣ್ಣ, ಚಿತ್ರವಿನ್ಯಾಸಕ್ಕೆಲ್ಲ ಮುಖ್ಯಸ್ಥನಾದ ಅಭಿಜಿತ್ ಬಿಳಗಿ ಎಂಬಾತ ತಾನೇ ಎದ್ದು ನಿಂತು ಒಬ್ಬೊಬ್ಬರ ಮಾತನ್ನೂ ಕೇಳಿದ.

“ನಮ್ಮೂರಾಗ ಟಿವಿಗೆ ಬಾಯಿಲ್ರಿ,” ಎಂದಳು ಕಾಶವ್ವ. “ಧ್ವನಿ ಸೊನ್ನೆ. ನಾವು ಬರೇ ಪಟ್ಟಿ ಓದೂ ಮಂದಿ. ಪಟ್ಟ್ಯಾಗ ಬಂದದ್ದ ನಮಗ ಸುದ್ದಿ. ದಪ್ಪನ್ನ ಅಕ್ಷರ ಕೊಡ್ರಿ, ನಿಧಾನ ಓಡಸ್ರಿ. ಖರೆ ಅನ್ನೂದು ಕುಂಕುಮದಂಗಿರಲಿ. ಆ ಬಣ್ಣ ಕಂಡ್ರ ನಾವು ಮತ್ತ ಯಾರನ್ನೂ ಕೇಳೂದಿಲ್ಲ.”

“ನನಗ ದುಂಡನ್ನ ಅಕ್ಷರ ಬೇಕ್ರಿ ಸಾಹೇಬ್ರ,” ಎಂದಳು ಹಸೀನಾ. “ಚೂಪ ತುದಿ ಇದ್ರ ನನಗ ಬೈದಂಗಾಗತೈತಿ. ನಾ ಕಲ್ತದ್ದು ದುಂಡಗಿಂದು. ದುಂಡಗಿದ್ರ ನಮ್ಮಕ್ಕನ ಬರದಂಗಿರತೈತಿ.”

ಎಲ್ಲರೂ ನಕ್ಕರು. ಬಿಳಗಿ ನಗಲಿಲ್ಲ, ಗಮನವಿಟ್ಟು ತಲೆಯಾಡಿಸಿದ. ಆಮೇಲೆ ಒಂದು ಪೆಟ್ಟಿಗೆ ತೋರಿಸಿದ. ಅಂಗೈಯಗಲದ್ದು, ಟಿವಿಯ ಕೆಳಗೆ ಕೂರಿಸುವಂಥದ್ದು, ಹಣೆಯಲ್ಲಿ ಎಳ್ಳುಕಾಳಿನಷ್ಟು ಕರಿ ಚುಕ್ಕೆ.

“ನಿಮ್ಮೆಲ್ಲರ ಜಗಳಕ್ಕ ಇದ ಪರಿಹಾರರಿ,” ಎಂದ. “ಇನ್ನು ಸ್ಟುಡಿಯೋದಿಂದ ಚಿತ್ರ ಬರ್ತದ, ಧ್ವನಿ ಬರ್ತದ. ಪಟ್ಟಿ ಬರೂದಿಲ್ಲ. ಪಟ್ಟೀನ ಈ ಪೆಟ್ಟಿಗಿ ನಿಮ್ಮ ಮನ್ಯಾಗ ಕುಂತು ಬರೀತದ. ಈ ಚುಕ್ಕಿಯಿಂದ ಕಣ್ಣಿಗೆ ಕಾಣದ ಬೆಳಕು ಹೋಗಿ ನಿಮ್ಮ ಕಣ್ಣಿನ ಪಾಪಿ ಮುಟ್ಟಿ ವಾಪಸ್ ಬರ್ತದ. ಎಲ್ಲಿ ನಿಂತ್ರಿ, ಎಲ್ಲಿ ಜಾರಿದ್ರಿ, ಯಾವ ಅಕ್ಷರಕ್ಕ ಪಾಪಿ ಅರಳ್ತು, ಅದಕ್ಕ ತಿಳೀತದ. ತಿಳಿದು, ನಿಮ್ಮ ಕಣ್ಣಿಗೆ ಹಿತ ಆಗೂ ಹಂಗ ಬರೀತದ. ನಿಮ್ಮ ಮನೆ, ನಿಮ್ಮ ಅಕ್ಷರ.”

ಚಪ್ಪಾಳೆ ಬಿತ್ತು. ಕಾಶವ್ವನ ಚಪ್ಪಾಳೆಯೇ ಜೋರಾಗಿತ್ತು. ಕುರಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂದು ನಮ್ಮಲ್ಲಿ ಗಾದೆಯಿದೆ. ಕೇಳದೆ ಅರೆಯುವವರ ಕಾಲ ಅದು. ಈಗಿನವರು ಕೇಳಿಯೇ ಅರೆಯುತ್ತಾರೆ. ಕುರಿಗೆ ಚಹಾ ಕೊಟ್ಟು, ಕುರ್ಚಿ ಕೊಟ್ಟು, ಉಪ್ಪೆಷ್ಟು ಖಾರವೆಷ್ಟು ಎಂದು ಅದರ ಬಾಯಿಂದಲೇ ಹೇಳಿಸಿಕೊಂಡು ಅರೆಯುತ್ತಾರೆ.

ಪೆಟ್ಟಿಗೆ ನೂಲಹಟ್ಟಿಯ ಮನೆಮನೆಗೂ ಬಂತು. ಕಾಶವ್ವನ ಗೋಡೆಯ ಮೇಲೆ ಹುಂಜ ಮರಳಿ ಬಂತು, ಜುಟ್ಟಿನ ಸಮೇತ. ದಪ್ಪಕ್ಷರ, ನಿಧಾನದ ನಡೆ, ಕುಂಕುಮದ ಖರೆ. ಹಸೀನಾಳ ಮನೆಯಲ್ಲಿ ದುಂಡಕ್ಷರ. ಮುರಿಗೆಪ್ಪನಿಗೆ ಚಾಳೀಸು, ಅವನ ಪಟ್ಟಿ ಅಂಗೈಯಷ್ಟು ಎತ್ತರಕ್ಕೆ ಬೆಳೆಯಿತು. ‘ನಾವ ಗೆದ್ವಿ,’ ಎಂದು ಬಳಗ ಸಿಹಿ ಹಂಚಿತು. ದಿನ ಕಳೆದಂತೆ ಅಕ್ಷರಗಳು ಇನ್ನೂ ಹತ್ತಿರವಾದವು. ಕಾಶವ್ವ ದಣಿದಾಗ ಪಟ್ಟಿಯೂ ಮೆಲ್ಲಗಾಗುತ್ತಿತ್ತು. ಅವಳು ಕಣ್ಣು ತಿರುಗಿಸುವ ಹೊತ್ತಿಗೆ ಸರಿಯಾಗಿ ಮುಂದಿನ ಸುದ್ದಿ ಮಿಂಚುತ್ತಿತ್ತು. “ನನ್ನ ಗಂಡಗೂ ಇಷ್ಟು ಗೊತ್ತಾಗೂದಿಲ್ಲ ನನ್ನ ಮನಸು,” ಎಂದು ಅವಳು ನಕ್ಕಿದ್ದಳು. ಈರಸಂಗಪ್ಪ, “ಹಂಗಾದ್ರ ಅದಕ್ಕ ರೊಟ್ಟಿ ಬಡಿಯಾಕ ಹಚ್ಚು,” ಎಂದಿದ್ದ.

ಆ ವರ್ಷ ನೂಲು ಸಾಹುಕಾರರು ಕೊಳೆತ ನೂಲು ಕೊಡತೊಡಗಿದರು. ಬೆರಳು ತಾಗಿದರೆ ಹರಿಯುವಂಥದ್ದು. ಹರಿದ ಎಳೆ ಗಂಟು ಹಾಕಿದರೆ ಸೀರೆಯಲ್ಲಿ ಡಾಗು. ಡಾಗು ಕಂಡರೆ ನೇಕಾರರ ಕೂಲಿಗೆ ಕತ್ತರಿ. ನೂಲು ಅವರದ್ದು, ತಪ್ಪು ಇವರದ್ದು. ಮೇಲಪೇಟೆ, ಕೆಳಪೇಟೆ ಎರಡೂ ಕೂಡಿ ನಿರ್ಧಾರ ಮಾಡಿದವು: ಒಳ್ಳೆಯ ನೂಲು ಬರುವ ತನಕ ಒಂದು ಲಾಳಿಯೂ ಅಲುಗಾಡಬಾರದು. ಮೇಲಪೇಟೆಗೆ ಕಾಶವ್ವ ಮುಂದಾಳು, ಕೆಳಪೇಟೆಗೆ ಹಸೀನಾ.

ಊರು ಸ್ತಬ್ಧವಾಯಿತು. ಗುಬ್ಬಿಯ ಸದ್ದು ಕೇಳಿ ಮುದುಕರು ಬೆಚ್ಚಿ ನೋಡಿದರು. ಗಂಡ ಹೆಂಡಿರು ತಮ್ಮ ತಮ್ಮ ದನಿ ಇಷ್ಟು ದೊಡ್ಡದಿದೆಯೇ ಎಂದು ನಾಚಿಕೊಂಡರು. ಆದರೆ ಟಿವಿಯ ಧ್ವನಿ ಏರಿಸಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಬಾಯಿಲ್ಲದ್ದಕ್ಕೆ ಬಾಯಿ ಬರಬಹುದೆಂದು ಯಾರು ಎಣಿಸುತ್ತಾರೆ? ಮಗ್ಗ ನಿಂತಿದ್ದರೂ ಊರು ಪಟ್ಟಿಯನ್ನೇ ಓದುತ್ತ ಕುಳಿತಿತ್ತು.

ವಾರ ಕಳೆದಿರಲಿಲ್ಲ. ಕಾಶವ್ವ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಪಟ್ಟಿ ಬಂತು. ದಪ್ಪಕ್ಷರದಲ್ಲಿ, ಅವಳು ಬೇಡಿಕೊಂಡಿದ್ದ ನಿಧಾನದಲ್ಲಿ: ‘ನೂಲಹಟ್ಟಿ ಕೆಳಪೇಟೆಯಲ್ಲಿ ಬಾಗಿಲು ಮುಚ್ಚಿಕೊಂಡು ರಾತ್ರಿ ಮಗ್ಗ ನಡೆಸುತ್ತಿದ್ದಾರೆ.’ ಬಾಲಕ್ಕೆ ಕುಂಕುಮ: ‘ಖರೆ.’

ಜೋಳದ ಮೊರ ಕೈಯಿಂದ ಜಾರಿತು. ಅವಳು ಫೋನು ಹಚ್ಚಿದಳು.

“ಹಸೀನಾ, ಮಗ್ಗ ಹಚ್ಚೀರೇನ?”

“ತಲಿಗಿಲಿ ಕೆಟ್ಟೈತೇನ ಅಕ್ಕಾ? ನಿಮ್ಮವು ನಡದಾವಂತ ನಾ ಫೋನ್ ಮಾಡಾಕಿದ್ದೆ.”

“ನಮ್ಮವು ಯಾಕ ನಡೀತಾವು? ಮಾತು ತಿರುಗಸಬ್ಯಾಡ. ಖರೆ ಅಂತ ಬಂದೈತಿ.”

“ನನಗೂ ಖರೆ ಅಂತನ ಬಂದೈತಿ!”

“ಯಾವ ಬಾಯಿಂದ ಹೇಳ್ತಿ? ಮುಂಗೋಳಿ ಇಲ್ಲೀತನಕ ಒಂದರೆ ಸುಳ್ಳು ಬರದೈತೇನು? ಆಣಿ ಮಾಡಿ ಹೇಳು.”

“ನಾ ಯಾಕ ಆಣಿ ಮಾಡ್ಲಿ? ನನ್ನ ಮಾತು ಸಾಲೂದಿಲ್ಲೇನು ನಿನಗ?”

ಕಾಶವ್ವನ ಕಣ್ಣ ಮುಂದೆ ಪಟ್ಟಿ ಮತ್ತೊಮ್ಮೆ ಹರಿಯಿತು, ಇನ್ನೂ ನಿಧಾನವಾಗಿ. ಅವಳ ಬಾಯಿಂದ ಬಂದೇಬಿಟ್ಟಿತು: “ನಿಮ್ಮ ಮಂದೀನ ಹಿಂಗ.”

ಆ ಕಡೆ ಹಸೀನಾ ಫೋನು ಇಟ್ಟಳು.

ಮರುದಿನ ಮೇಲಪೇಟೆ ಸಭೆ ಸೇರಿತು. ಹಾಡುಹಗಲೇ ಹೋಗಿ ಕೆಳಪೇಟೆಯನ್ನು ನೋಡಿ ಬಂದವರಿದ್ದರು. ಮಗ್ಗ ನಿಂತಿತ್ತು ಎಂದರು. “ಹಗಲ ನಿಂತಿರತಾವ್ರಿ. ರಾತ್ರಿ ನಡಸ್ತಾರ ಅಂತನ ಅಲ್ಲ ಸುದ್ದಿ ಇರೂದು?” ಎಂದರು ಉಳಿದವರು. ಅವರು ಉಣ್ಣುವಾಗ ನಾವು ಉಪವಾಸ ಯಾಕೆ ಎಂಬ ಮಾತು ಎದ್ದಿತು. ಕಾಶವ್ವ ತಡೆಯಲಿಲ್ಲ. ತಡೆಯುವ ದನಿಯನ್ನು ಅವಳು ಹಿಂದಿನ ದಿನವೇ ಫೋನಿನಲ್ಲಿ ಸುಟ್ಟುಕೊಂಡಿದ್ದಳು. ಮಾರನೆಯ ಬೆಳಿಗ್ಗೆ ಮೇಲಪೇಟೆಯ ಲಾಳಿಗಳು ಓಡಿದವು. ಆ ಸುದ್ದಿ ತಲುಪಿದ ಗಳಿಗೆಯಲ್ಲೇ ಕೆಳಪೇಟೆಯೂ ಮಗ್ಗ ಹೂಡಿತು. ಅದೇ ಕೊಳೆತ ನೂಲು, ಅದೇ ಗಂಟು, ಅದೇ ಡಾಗು. ಸಾಹುಕಾರರು ಬಾಯಿ ಬಿಡಲಿಲ್ಲ. ಬಿಡುವ ಅಗತ್ಯವೇ ಬೀಳಲಿಲ್ಲ.

ಅಮಾವಾಸ್ಯೆ ಬಂತು. ನೇಕಾರರ ಮನೆಯಲ್ಲಿ ಅಂದು ಮಗ್ಗ ಮುಟ್ಟುವುದಿಲ್ಲ. ಒರೆಸಿ, ವಿಭೂತಿ ಹಚ್ಚಿ ಕೈ ಮುಗಿಯುತ್ತಾರೆ. ಕಾಶವ್ವ ಮಗ್ಗ ಒರೆಸಿದಳು, ಅದೇ ಬಟ್ಟೆಯಲ್ಲಿ ಟಿವಿಗೆ ಮೆತ್ತಿದ ಹತ್ತಿಯ ಧೂಳು ಒರೆಸಲು ಹೋದಳು. ಬೆನ್ನ ಹಿಂದಿನ ಗುಂಡಿಗಳ ಮೇಲೆ ಬಟ್ಟೆ ಒತ್ತಿ ಎಳೆದಾಗ ಮನೆಯೊಳಗೆ ಅಪರಿಚಿತ ಹೆಂಗಸೊಬ್ಬಳು ಮಾತಾಡಿದಳು.

ಕಾಶವ್ವ ಹೌಹಾರಿ ಹಿಂದೆ ಸರಿದಳು. ಎದುರು ಕಟ್ಟೆಯಿಂದ ಮುರಿಗೆಪ್ಪ ಕೂಗಿದ: “ಯಾರಬೇ ಬಂದಾವ್ರು ನಿಮ್ಮನಿಗೆ?”

“ಟಿವಿ,” ಎಂದಳು. ಅವಳಿಗೂ ನಗು ಬಂತು. ಇಷ್ಟು ವರ್ಷ ದಿನವೂ ಕಂಡ ನಿರೂಪಕಿ. ದನಿ ಮಾತ್ರ ಇವತ್ತೇ ಕೇಳಿದ್ದು. ತುಸು ಗಡಸು ದನಿ. ‘...ನೂಲಹಟ್ಟಿಯ ಎರಡು ಪೇಟೆಗಳ ನಡುವೆ ಮನಸ್ತಾಪ ಉಂಟಾಗಿದೆ ಎಂಬ ವದಂತಿಗಳಿವೆ. ಇದಕ್ಕೆ ಯಾವುದೇ ಆಧಾರ ಸಿಕ್ಕಿಲ್ಲ. ಮುಷ್ಕರದ ವೇಳೆ ಮಗ್ಗ ನಡೆದ ಸುದ್ದಿಯೂ ಈವರೆಗೆ ಖಚಿತವಾಗಿಲ್ಲ...’

ನಿರೂಪಕಿಯ ಬಾಯಿಯ ಕೆಳಗೆ, ದಪ್ಪಕ್ಷರದಲ್ಲಿ: ‘ಮುಷ್ಕರ ಮುರಿದದ್ದು ಕೆಳಪೇಟೆಯೇ.’ ಕುಂಕುಮ: ‘ಖರೆ.’

ಬಾಯಿ ಹೇಳಿದ್ದು ‘ಅಂತ’. ಪಟ್ಟಿ ಬರೆದದ್ದು ‘ಖರೆ’. ಕಾಶವ್ವ ಕಣ್ಣು ಮುಚ್ಚಿ ಕೇಳಿದಳು, ಕಿವಿ ಮುಚ್ಚಿ ಓದಿದಳು. ಎರಡೂ ಬದಲಾಗಲಿಲ್ಲ. ಕೈಯಲ್ಲಿನ ಬಟ್ಟೆ ಅಲ್ಲೇ ಬಿಸಾಕಿ ಎದುರು ಮನೆಗೆ ನುಗ್ಗಿದಳು. ಮುರಿಗೆಪ್ಪ, “ಬ್ಯಾಡ, ಒಳಗ ಬರಬ್ಯಾಡ, ಕಸ ಬಿದ್ದೈತಿ,” ಎಂದು ಅಡ್ಡ ಬಂದ. ಅವಳು ಅವನನ್ನು ಸರಿಸಿ ಟಿವಿಯ ಮುಂದೆ ನಿಂತಳು. ಅದೇ ನಿರೂಪಕಿ, ಅದೇ ಕಿವಿಯೋಲೆ. ಪಟ್ಟಿ ಮಾತ್ರ ಬೇರೆ. ಅಂಗೈ ಎತ್ತರದ ಅಕ್ಷರ: ‘ಸಾಹುಕಾರರ ಜೊತೆ ಮೇಲಪೇಟೆಯ ಕಾಶವ್ವ ಒಳಗೊಳಗೇ ಕೈ ಕೂಡಿಸಿದ್ದಾಳೆ. ಖರೆ.’

“ಎಷ್ಟ ದಿನಾತು ಇದು ಬರಾಕತ್ತಿ?”

ಮುರಿಗೆಪ್ಪ ನೆಲ ನೋಡಿದ. “ಸಭೆಕಿಂತ ಮದಲ.”

“ಗಿಡಕ್ಕ ನೀರು ಹಾಕಾಕ ನನ್ನ ಮನಿ ನಳಕ್ಕ ಬರತಿದ್ದಿ. ನನ್ನ ಚಹಾ ಕುಡದು ಹೋಗತಿದ್ದಿ. ಒಂದ ಸಲ, ಒಂದರೆ ಸಲ, ‘ಹೌದೇನ ಕಾಶವ್ವಾ’ ಅಂತ ಕೇಳಬಾರದೇನೋ ಮುರಿಗೆಪ್ಪಾ?”

“ಖರೆ ಅಂತ ಇತ್ತಲ್ಲ ಬೇ,” ಎಂದ ಅವನು. “ಅಂತ ಇದ್ರ ಕೇಳತಿದ್ದೆ.”

ಕಾಶವ್ವ ತಿರುಗಿ ಹೊಸ್ತಿಲು ದಾಟಿದಳು. ಅವಳು ಹಸೀನಾಳಿಗೆ ಮಾಡಿದ್ದೂ ಇಷ್ಟೇ.

ಮರುದಿನದ ಮೊದಲ ಬಸ್ಸಿಗೆ ಅವಳು ಹುಬ್ಬಳ್ಳಿಗೆ ಹೋದಳು. ಯಾರೂ ತಡೆಯಲಿಲ್ಲ, ಬಾಗಿಲಲ್ಲೇ ಗುರುತು ಹಿಡಿದು ಒಳಗೆ ಕರೆದೊಯ್ದರು. ಬಿಳಗಿಯ ಮುಖ ಅರಳಿತು. “ಬರ್ರಿ ಕಾಶವ್ವಾರ! ನಿಮ್ಮ ಬಳಗಾನ ನಮಗ ಸಾಲಿ ಆತು ನೋಡ್ರಿ. ನಿಮ್ಮಿಂದ ಕಲ್ತದ್ದು ಈಗ ರಾಜ್ಯಕ್ಕೆಲ್ಲ ಹೋಗೂದೈತಿ,” ಎಂದು ನಿಯಂತ್ರಣ ಕೋಣೆಗೇ ಕರೆದೊಯ್ದ.

ಕತ್ತಲೆ ಕೋಣೆ. ಒಂದು ಗೋಡೆಯ ತುಂಬ ಬೆಂಕಿಪೊಟ್ಟಣದಷ್ಟು ಪರದೆಗಳು, ಜೇನುಹುಟ್ಟಿನಂತೆ. ಎಲ್ಲದರಲ್ಲೂ ಒಂದೇ ನಿರೂಪಕಿ ಒಂದೇ ಸಲಕ್ಕೆ ತುಟಿ ಅಲ್ಲಾಡಿಸುತ್ತಿದ್ದಳು. ಬುಡದ ಪಟ್ಟಿಗಳು ಮಾತ್ರ ಒಂದರಂತೆ ಒಂದಿರಲಿಲ್ಲ. ದಪ್ಪ, ಸಣ್ಣ, ಓರೆ, ನೆಟ್ಟಗೆ, ನೂರು ಕೈಬರಹ. ಪ್ರತಿಯೊಂದೂ ಯಾರದೋ ಮನೆ. ಕಾಶವ್ವನ ಕಣ್ಣು ತನ್ನ ದಪ್ಪಕ್ಷರವನ್ನು ಹುಡುಕಿಕೊಂಡಿತು. ಅದರ ಮಗ್ಗುಲಲ್ಲಿ ದುಂಡಕ್ಷರ. ಚೂಪಿಲ್ಲದ, ಬೈಯದ, ತನ್ನ ಕೈಯಿಂದಲೇ ಸ್ಲೇಟಿನ ಮೇಲೆ ಇಳಿದಂಥ ಅಕ್ಷರ. ಅವಳು ಹತ್ತಿರ ಹೋಗಿ ಓದಿದಳು: ‘ಮುಷ್ಕರ ಮುರಿಯಲು ಮೊದಲೇ ಮಾತಾಡಿಕೊಂಡಿದ್ದ ಕಾಶವ್ವ. ಖರೆ.’

“ಇದನ್ನ ಯಾರು ಬರದ್ರು?”

“ಯಾರೂ ಬರದಿಲ್ಲರಿ, ಅದ ಇದರ ಚಂದ,” ಎಂದ ಬಿಳಗಿ ಉತ್ಸಾಹದಿಂದ. “ಪಟ್ಟಿ ಬಾಡಿಗಿಗೆ ಕೊಡತೀವಿ. ನಿಮ್ಮ ಕಡೆ ಸದ್ಯಕ್ಕ ನೂಲು ವ್ಯಾಪಾರಿಗಳ ಒಕ್ಕೂಟ ಹಿಡದದ. ಅವರು ಕೇಳಿದ್ದು ಒಂದ: ಮಗ್ಗ ನಡೀಬೇಕು. ಯಾವ ಮನ್ಯಾಗ ಏನು ಬರದ್ರ ಮಗ್ಗ ನಡೀತದ, ಪೆಟ್ಟಿಗಿ ತಾನ ಬರದು ನೋಡ್ತದ. ಕಣ್ಣು ನಿಂತ್ರ ಇಟ್ಕೋತದ, ಜಾರಿದ್ರ ಬದಲಿ ಮಾಡ್ತದ. ‘ಅಂತ’ ಅಂದ್ರ ನಿಮ್ಮೂರವರ ಕಣ್ಣು ಜಾರ್ತದ. ‘ಖರೆ’ ಅಂದ್ರ ನಿಲ್ತದ. ಅದಕ್ಕ ಅದು ಖರೆ ಅಂತನ ಬರೀತದ.”

“ಅದು ಸುಳ್ಳಲ್ಲೇನ್ರಿ?”

“ಸುದ್ದಿ ಅಂದ್ರ ನಿರೂಪಕಿ ಬಾಯಿಂದ ಬಂದದ್ದು. ಆಕಿ ವದಂತಿ ಅಂತ ಸ್ಪಷ್ಟ ಹೇಳ್ಯಾಳ. ಬುಡಕ್ಕ ಇರೂದು ಅಲಂಕಾರ ರೀ. ಕಾಯ್ದೆದಾಗೂ ಅದು ಅಲಂಕಾರನ. ಧ್ವನಿ ಎಲ್ಲರಿಗೂ ಒಂದ ಹೋಗ್ತದ. ನೀವು ಕೇಳಿಸಿಕೊಳ್ಳಬಹುದಿತ್ತಲ್ಲ?”

“ನಮ್ಮೂರಾಗ ಟಿವಿಗೆ ಬಾಯಿಲ್ಲ ಅಂತ ಇದ ಕಟ್ಟಡದಾಗ ನಿಂತು ನಾನ ಹೇಳಿದ್ನಲ್ರಿ.”

“ಹೇಳಿದ್ರಿ,” ಎಂದ ಅವನು. ಅವನ ದನಿಯಲ್ಲಿ ಕೃತಜ್ಞತೆ ಇತ್ತು, ಕಪಟವೇ ಇರಲಿಲ್ಲ. “ಅದಕ್ಕ ಮೊದಲಿಗೆ ನಿಮ್ಮೂರು ಆರಿಸಿದ್ವಿ. ಧ್ವನಿ ಸೊನ್ನೆ ಇರೋ ಮನೆಗಳು ಒಟ್ಟಿಗೆ ಇಷ್ಟು ಬೇರೆ ಎಲ್ಲಿ ಸಿಗ್ತಾವರಿ?”

ಕಾಶವ್ವ ಗೋಡೆ ನೋಡಿದಳು. ಹೊಡೆಯಬೇಕೆನ್ನಿಸಿತು. ಯಾವುದನ್ನು ಹೊಡೆಯುವುದು? ತನ್ನ ಅಕ್ಷರವನ್ನೋ, ಹಸೀನಾಳದನ್ನೋ?

“ಕೂಸಿಗೆ ಏನು ಸೇರತೈತಿ ಅಂತ ಹೆತ್ತಾಕೀನ್ನ ಕೇಳಿದ್ರಿ,” ಎಂದಳು. “ಕಾಳಜಿ ಐತಿ ಅಂತ ತಿಳದು ಆಕಿ ಬೆಲ್ಲ ಅಂತ ಹೇಳಿದ್ಳು. ನೀವು ಬೆಲ್ಲದಾಗ ವಿಷ ಇಟ್ಟು ಆಕಿ ಕೈಲೆ ತಿನಸಿದ್ರಿ. ಮ್ಯಾಲ ಕೇಳ್ತೀರಿ, ಕೂಸು ಯಾಕ ಉಗುಳಲಿಲ್ಲ ಅಂತ.”

ಬಿಳಗಿಯ ಮುಖ ಮೊದಲ ಬಾರಿಗೆ ಸಣ್ಣದಾಯಿತು. “ನೀವು ನೊಂದೀರಿ ಅಂತ ಕಾಣ್ತದ. ಏನು ಬದಲಿ ಮಾಡಬೇಕು, ನಿಮ್ಮ ಅಭಿಪ್ರಾಯ ಹೇಳ್ರಿ. ನಾವು ಯಾವಾಗಲೂ...”

“ಇನ್ನ ನನ್ನ ಅಭಿಪ್ರಾಯ ನಿಮಗ ಸಿಗೂದಿಲ್ಲ. ಅದಕ್ಕ ಎಷ್ಟು ಬೆಲೆ ಐತಿ ಅಂತ ಈಗ ಗೊತ್ತಾತು.”

ಬಸ್ಸು ಕೆಳಪೇಟೆಯಲ್ಲಿ ನಿಂತಾಗ ಕಾಶವ್ವ ಇಳಿದಳು. ಓಣಿಯ ತುಂಬ ಮಗ್ಗದ ಸದ್ದು. ಕಟ್ಟೆಯ ಮೇಲಿದ್ದವರು ಅವಳನ್ನು ಕಂಡು ಮುಖ ತಿರುವಿದರು. ಒಬ್ಬ ಮುದುಕ ಬೇಕೆಂದೇ ಉಗುಳಿದ. ಹಸೀನಾಳ ಬಾಗಿಲು ತೆರೆದಿತ್ತು. ಅವಳು ಮಗ್ಗದ ಮುಂದೆ ನಿಂತು ಹರಿದ ಎಳೆ ಗಂಟು ಹಾಕುತ್ತಿದ್ದಳು. ಕಂಡಳು, ನಿಲ್ಲಿಸಲಿಲ್ಲ. ಕಾಶವ್ವ ನೇರ ಹೋಗಿ ಟಿವಿಯ ಧ್ವನಿ ಪೂರ್ತಿ ಏರಿಸಿದಳು. ಮಗ್ಗದ ಸದ್ದಿನಲ್ಲಿ ಅದು ಸೊಳ್ಳೆಯ ಗುಂಯ್ ಅಷ್ಟೇ. ಅವಳು ಹಸೀನಾಳ ತೋಳು ಹಿಡಿದು ಎಳೆದು, ಕಿವಿಯನ್ನು ಟಿವಿಯ ಬೆನ್ನಿಗೆ ಹಚ್ಚಿ ನಿಲ್ಲಿಸಿದಳು.

ಹಸೀನಾ ಬಿಡಿಸಿಕೊಳ್ಳಲು ಹೆಣಗಿದಳು. ಆಮೇಲೆ ಹೆಣಗಲಿಲ್ಲ. ಕೇಳಿದಳು. ಬಾಯಿ ‘ಖಚಿತವಾಗಿಲ್ಲ’ ಎನ್ನುತ್ತಿತ್ತು; ಬಗ್ಗಿ ಓದಿದರೆ ಪಟ್ಟಿ ‘ಖರೆ’ ಎನ್ನುತ್ತಿತ್ತು. ಮತ್ತೆ ಕಿವಿ ಹಚ್ಚಿದಳು. ಹೋಗಿ ಗುಂಡಿ ಒತ್ತಿದಳು, ಮಗ್ಗ ನಿಂತಿತು.

“ನಿನಗೂ ಹಿಂಗ ಬರೀತಿತ್ತೇನು?”

“ನನಗ ನಿಮ್ಮ ಮ್ಯಾಲ. ನಿನಗ ನನ್ನ ಮ್ಯಾಲ. ಮುರಿಗೆಪ್ಪಗೂ ನನ್ನ ಮ್ಯಾಲ. ಸಾಹುಕಾರ್ರು ಪಟ್ಟಿ ಬಾಡಿಗಿ ಹಿಡದಾರ. ನಾವ ಹೇಳಿಕೊಟ್ಟ ಅಕ್ಷರದಾಗ ನಮಗ ಬರದಾರ. ನಾ ಹುಬ್ಬಳ್ಳ್ಯಾಗ ಕಣ್ಣಾರೆ ನೋಡಿ ಬಂದೆ,” ಎಂದು ಕಾಶವ್ವ ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಸುವಾಗ ಅವಳ ಕಣ್ಣಲ್ಲಿ ನೀರಿತ್ತು. “ಎಲ್ಲಾ ಆ ಪೆಟ್ಟಿಗಿ ಮಾಡಿದ್ದು ಹಸೀನಾ. ನಾವಿಬ್ಬರೂ ಮೋಸ ಹೋದ್ವಿ.”

ಹಸೀನಾ ಗೋಡೆಗೆ ಆತು ನಿಂತಿದ್ದಳು.

“ಪಟ್ಟ್ಯಾಗ ಏನಂತ ಇತ್ತು ನಿನಗ?”

“ಕೆಳಪೇಟ್ಯಾಗ ಬಾಗಲಾ ಮುಚಿಗೊಂಡು ಮಗ್ಗ ನಡಸ್ಯಾರ ಅಂತ.”

“ಕೆಳಪೇಟೆ ಅಂತ ಇತ್ತು.”

“ಹೂಂ.”

“‘ನಿಮ್ಮ ಮಂದಿ’ ಅಂತ ಇತ್ತೇನು?”

ಕಾಶವ್ವ ಇಲ್ಲವೆಂದು ತಲೆಯಾಡಿಸಿದಳು.

“ನನ್ನ ಪಟ್ಟ್ಯಾಗ ನಿನ್ನ ಹೆಸರ ಇತ್ತಕ್ಕಾ. ಕಾಶವ್ವ ಮೋಸ ಮಾಡ್ಯಾಳ ಅಂತ ಇತ್ತು. ನಾ ನಂಬಿದೆ. ನಾನೂ ಮಗ್ಗ ಹೂಡಿದೆ. ಅಷ್ಟು ನನ್ನ ತಪ್ಪ. ಆದ್ರ ನನ್ನ ಸಿಟ್ಟು ನಿನ್ನ ಮ್ಯಾಲ ಇತ್ತು, ನಿನ್ನ ಮಂದಿ ಮ್ಯಾಲ ಅಲ್ಲ. ಆ ಎರಡು ಮಾತು ಯಾವ ಪೆಟ್ಟಿಗಿ ಬರದಿತ್ತು? ಯಾರು ಬಾಡಿಗಿ ಕೊಟ್ಟಿದ್ರು ಅದಕ್ಕ?”

ಓಣಿಯಲ್ಲಿ ಮಗ್ಗಗಳು ಬಡಿದುಕೊಳ್ಳುತ್ತಲೇ ಇದ್ದವು. ಹಸೀನಾ ದುಪ್ಪಟ್ಟಾ ತಲೆಗೆ ಎಳೆದುಕೊಂಡು, ಟಿವಿಯ ಕೆಳಗಿನ ಪೆಟ್ಟಿಗೆಯ ತಂತಿ ಕಿತ್ತು, ಅದನ್ನು ಕಂಕುಳಲ್ಲಿ ಇರುಕಿಕೊಂಡು ಹೊಸ್ತಿಲು ದಾಟಿದಳು.

“ಎಲ್ಲಿಗೆ?” ಎಂದಳು ಕಾಶವ್ವ.

“ಬಾಜೂ ಮನಿಗೆ. ಆಮ್ಯಾಲ ಅದರ ಬಾಜೂ ಮನಿಗೆ. ಕೊಳೆ ನೂಲು ಇನ್ನೂ ಕೊಳೇದ ಐತಿ. ಮಗ್ಗ ನಿಲ್ಲಬೇಕು.”

“ನಾನೂ ಬರತೀನಿ.”

“ಬಾ. ಬರಾಕ ಬೇಕು. ಹುಬ್ಬಳ್ಳ್ಯಾಗ ನೋಡಿದಾಕಿ ನೀ. ನೀನ ಹೇಳಬೇಕು.” ಹಸೀನಾ ತಿರುಗಿ ನೋಡಲಿಲ್ಲ. “ನನ್ನ ಸಂಗಾಟ ನಡಿ. ನನ್ನ ಮಾತಾಡಸಬ್ಯಾಡ.”

ಅವಳು ಮುಂದೆ ನಡೆದಳು. ಕಾಶವ್ವ ಹಿಂದೆ ನಡೆದಳು. ಮೊದಲ ಮನೆಯ ಬಾಗಿಲನ್ನು ಹಸೀನಾ ತಟ್ಟಿದಳು. ಮಗ್ಗದ ಸದ್ದಿನಲ್ಲಿ ಒಳಗಿನವರಿಗೆ ಕೇಳಲಿಲ್ಲ. ಅವಳು ಮತ್ತೆ ತಟ್ಟಿದಳು, ಜೋರಾಗಿ.